ಪೋಕರ್: ಎಲ್ಲರೂ ಹೇಳುವ ಮಾತು ಒಂದು, ನನ್ನ 64,000 ಕೈಗಳ ಲೆಕ್ಕ ಇನ್ನೊಂದು

ಕಳಾವರ್ ಎಕ್ಕ:
ಎಲ್ಲರಿಗೂ ನಮಸ್ಕಾರ. ಹಣದ ಆನ್‌ಲೈನ್ ಆಟ ನಿಂತ ಮೇಲೆ ಲ್ಯಾಪ್‌ಟಾಪ್ ಖಾಲಿ ಮಾಡುತ್ತಿದ್ದೆ. 2020ರಿಂದ 2023ರವರೆಗೆ ಆಡಿದ ಪೋಕರ್ ಕೈಗಳ (ಒಂದು ಸಲ ಎಲೆ ಹಂಚಿ ಆಡಿದ್ದು ಒಂದು ಕೈ) ಫೈಲುಗಳೆಲ್ಲ ಹಾಗೇ ಇದ್ದವು. ಒಟ್ಟು 64,000. ಆರು ಜನರ ಟೇಬಲ್, ನೋ ಲಿಮಿಟ್ ಹೋಲ್ಡೆಮ್ (ಕೈಗೆ ತಲಾ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು), 5/10 ರೂಪಾಯಿ ಬ್ಲೈಂಡ್. ಬ್ಲೈಂಡ್ ಅಂದರೆ ಎಲೆ ನೋಡುವ ಮುಂಚೆ ಇಬ್ಬರು ಹಾಕಲೇಬೇಕಾದ ದುಡ್ಡು: ಸ್ಮಾಲ್ ಬ್ಲೈಂಡ್ 5, ಬಿಗ್ ಬ್ಲೈಂಡ್ 10. ಕೆಳಗಿನ ಲೆಕ್ಕದಲ್ಲಿ ಒಂದು ಬ್ಲೈಂಡ್ ಅಂದರೆ 10 ರೂಪಾಯಿ. ಅಳಿಸುವ ಮುಂಚೆ ಒಂದು ಸಲ ಸರಿಯಾಗಿ ನೋಡೋಣ ಅಂತ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೆದೆ. ಎರಡು ವಾರದಿಂದ ರಾತ್ರಿ ಇದೇ ಕೆಲಸ.

ಆಡುವಾಗ ನಾನು ಕಣ್ಣು ಮುಚ್ಚಿ ನಂಬಿದ್ದ ಮಾತುಗಳಿದ್ದವು. ಜೋಡಿ ಗುಲಾಮ ಬಂದರೆ ಹೇಗೆ ಆಡಿದರೂ ಕಷ್ಟ ಅನ್ನೋದು ಒಂದು. ಸಣ್ಣ ಜೋಡಿ ಬಂದರೆ ಅಗ್ಗದಲ್ಲಿ ಫ್ಲಾಪ್ (ಮೇಜಿನ ಮೊದಲ ಮೂರು ಎಲೆ) ನೋಡಲೇಬೇಕು, ಸೆಟ್ (ನಮ್ಮ ಜೋಡಿಯದೇ ಮೂರನೇ ಎಲೆ) ಬಿದ್ದರೆ ಎದುರಿನವನ ಪೂರ್ತಿ ಸ್ಟ್ಯಾಕ್ (ಅವನ ಮುಂದಿರುವ ದುಡ್ಡು) ನಮ್ಮದು ಅನ್ನೋದು ಇನ್ನೊಂದು. ಬ್ಲೈಂಡ್‌ನಲ್ಲಿ ಕೂತು ಸುಮ್ಮಸುಮ್ಮನೆ ಕಾಲ್ (ಬೇರೆಯವರು ಹಾಕಿದಷ್ಟೇ ಹಾಕಿ ಆಟದಲ್ಲಿ ಉಳಿಯೋದು) ಮಾಡಬೇಡ, ದುಡ್ಡು ಹೋಗೋದೇ ಅಲ್ಲಿ ಅಂತಲೂ ಕಲಿತಿದ್ದೆ.

ಈಗ ಫೈಲು ಹೇಳೋದು ಬೇರೆ. ಜೋಡಿ ಗುಲಾಮ 283 ಸಲ ಬಂದಿದೆ, 396 ಬ್ಲೈಂಡ್ ಗೆದ್ದಿದ್ದೇನೆ. ಅಂದರೆ ಪ್ರತಿ ಸಲಕ್ಕೆ 1.4. ನನ್ನ ಮನಸ್ಸಿನಲ್ಲಿ ಅದು ಸೋಲುವ ಕೈ ಅಂತಲೇ ಇತ್ತು! 2ರಿಂದ 6ರವರೆಗಿನ ಸಣ್ಣ ಜೋಡಿಗಳು 1,431 ಸಲ ಬಂದಿವೆ. ಒಟ್ಟು ಮೈನಸ್ 212 ಬ್ಲೈಂಡ್. ಲಾಭ ತರುತ್ತವೆ ಅಂತ ನಂಬಿದ್ದ ಕೈಗಳು ಇವೇ.

ನಿಮ್ಮಲ್ಲಿ ಯಾರಾದರೂ ಹೀಗೆ ಸ್ವಂತ ಲೆಕ್ಕ ತೆಗೆದು ನೋಡಿದ್ದೀರಾ? ಹಳಬರ ಮಾತು ತಪ್ಪಾ, ಇಲ್ಲ ನನ್ನ ಆಟ ತಪ್ಪಾ?

ಬಟನ್ ಬಸಣ್ಣ:
ನಿಮ್ಮ ಆಟನೂ ತಪ್ಪಲ್ಲ, ಹಳಬರ ಮಾತೂ ತಪ್ಪಲ್ಲ ರೀ. ಸೈಟಿನವರು ಸೆಟ್ ಬೀಳಿಸೋದೇ ಇಲ್ಲ. ಹುಬ್ಬಳ್ಳಿಯಲ್ಲಿ ನಾವು ಗೆಳೆಯರು ಮನೆಯಲ್ಲಿ ಕೂತು ಆಡಿದರೆ ಎಷ್ಟು ಸೆಟ್ ಬೀಳ್ತಾವು, ಆನ್‌ಲೈನ್‌ನಲ್ಲಿ ಒಂದೂ ಇಲ್ಲ.

ಕಳಾವರ್ ಎಕ್ಕ:
ಬಸಣ್ಣ, ಇದನ್ನೂ ನೋಡಿದೆ. ಕೈಯಲ್ಲಿ ಜೋಡಿ ಇದ್ದಾಗ ಫ್ಲಾಪ್‌ನಲ್ಲಿ ಸೆಟ್ ಅಥವಾ ಅದಕ್ಕಿಂತ ದೊಡ್ಡದು ಬೀಳುವ ಸಾಧ್ಯತೆ 11.8%. ಎಂಟೂವರೆ ಸಲಕ್ಕೆ ಒಂದು ಸಲ. ಸಣ್ಣ ಜೋಡಿ ಹಿಡಿದು ನಾನು ಫ್ಲಾಪ್ ನೋಡಿದ್ದು 790 ಸಲ. 93 ಸಲ ಬೀಳಬೇಕಿತ್ತು, 86 ಬಿದ್ದಿದೆ.

ಬಟನ್ ಬಸಣ್ಣ:
ನೋಡ್ರಿ, ಏಳು ಕಮ್ಮಿ ಆತಲ್ಲ!

ಲೆಕ್ಕದ ಮೇಷ್ಟ್ರು:
ಬಸಣ್ಣನವರೇ, 790 ಸಲದಲ್ಲಿ ಒಂಬತ್ತು ಹೆಚ್ಚುಕಮ್ಮಿ ಆಗೋದು ತೀರಾ ಸಹಜ. ನಾಣ್ಯ 100 ಸಲ ಚಿಮ್ಮಿದರೆ ಸರಿಯಾಗಿ 50 ಬೀಳುತ್ತದೆಯೇ? 46 ಬಿದ್ದರೆ ನಾಣ್ಯದಲ್ಲಿ ಮೋಸ ಅನ್ನುತ್ತೀರಾ? ಸೈಟಿನ ಮೇಲೆ ತಪ್ಪು ಹೊರಿಸಲು ಈ ಅಂಕಿಯಲ್ಲಿ ಏನೂ ಇಲ್ಲ.

ಆದರೆ ಎಕ್ಕ ಅವರೇ, ನಿಮಗೂ ಒಂದು ಮಾತು ಹೇಳಬೇಕು. ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವವನು, ಪೋಕರ್ ಆಮೇಲೆ ಕಲಿತದ್ದು. ನಿಮ್ಮ ಒಟ್ಟು ಗೆಲುವು 100 ಕೈಗೆ ಎಷ್ಟು ಬ್ಲೈಂಡ್?

ಕಳಾವರ್ ಎಕ್ಕ:
ಪ್ಲಸ್ 3, ಮೇಷ್ಟ್ರೇ. ಒಟ್ಟು 19,200 ರೂಪಾಯಿ. ರೇಕ್, ಅಂದರೆ ಸೈಟಿನವರ ಕಮಿಷನ್, ಕಳೆದ ಮೇಲೆ. ರೇಕ್ ಕಟ್ಟಿದ್ದೇ 32,000 ಆಗಿದೆ.

ಲೆಕ್ಕದ ಮೇಷ್ಟ್ರು:
ಆರು ಜನರ ನೋ ಲಿಮಿಟ್ ಆಟದಲ್ಲಿ ಪ್ರತಿ 100 ಕೈಗೆ ಏರಿಳಿತ ಹತ್ತಿರ ಹತ್ತಿರ 100 ಬ್ಲೈಂಡ್ ಇರುತ್ತದೆ. ನಾನು ಹೇಳುತ್ತಿರುವುದು ಸ್ಟ್ಯಾಂಡರ್ಡ್ ಡೀವಿಯೇಷನ್. ನಿಮ್ಮದು 640 ನೂರುಗಳು. 640ರ ವರ್ಗಮೂಲ 25 ಚಿಲ್ಲರೆ. 100ನ್ನು 25ರಿಂದ ಭಾಗಿಸಿ, 4 ಬಂತು. ಅದರ ಎರಡರಷ್ಟು ಆ ಕಡೆ ಈ ಕಡೆ ಬಿಡಬೇಕು. ಅಂದರೆ ನಿಮ್ಮ ನಿಜವಾದ ಗೆಲುವು ಮೈನಸ್ 5ರಿಂದ ಪ್ಲಸ್ 11ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ನೀವು ಗೆಲ್ಲುವ ಆಟಗಾರ ಅಂತ ಹೇಳೋಕೇ 64,000 ಸಾಲದು. ಅಂಥದ್ದರಲ್ಲಿ 283 ಕೈ ಇಟ್ಟುಕೊಂಡು ಗುಲಾಮನ ಜಾತಕ ಬರೆಯೋಕಾಗುತ್ತಾ?

ಹೊಸತೊಡಕು:
ಮೇಷ್ಟ್ರು ಹೇಳಿದ್ದು ಓದಿ ಹೊಟ್ಟೆ ತೊಳಸಿತು. ನಾನು 15,000 ಕೈ ಆಡಿ ಗೆಲ್ತಾ ಇದ್ದೀನಿ ಅಂತ ಕೆಲಸ ಬಿಡೋ ಯೋಚನೆ ಮಾಡಿದ್ದೆ.

ರಾಣಿ ಜೋಡಿ:
ನಾನು ಇದೇ ಕಾರಣಕ್ಕೆ ನಿಲ್ಲಿಸಿದ್ದು. ಹೋದ ಪ್ರತಿ ರೂಪಾಯಿಯನ್ನೂ ಡೈರಿಯಲ್ಲಿ ಬರೆಯುತ್ತಿದ್ದೆ. ಆಟ ಶುರು ಮಾಡಿ ನಾಲ್ಕು ತಿಂಗಳಿಗೆ ಕೂಡಿಸಿ ನೋಡಿದರೆ ಸೋಲು, ಆದರೆ ಅಲ್ಲಿಯವರೆಗೆ ನನ್ನನ್ನು ಯಾರಾದರೂ ಕೇಳಿದ್ದರೆ ಸಮಸಮ ಇದ್ದೀನಿ ಅಂತ ದೇವರಾಣೆ ಹಾಕಿ ಹೇಳುತ್ತಿದ್ದೆ. ಗೆದ್ದ ರಾತ್ರಿಗಳೇ ನೆನಪಿದ್ದವು. ಹಾಗಾಗಿ ಲೆಕ್ಕ ಬರೆಯುವವರ ಬಗ್ಗೆ ನನಗೆ ಗೌರವ.

ಜೋಡಿ ಗುಲಾಮದ ವಿಷಯ ಮಾತ್ರ ಇದಕ್ಕೆ ಉಲ್ಟಾ ಅನ್ಸುತ್ತೆ. ಅಲ್ಲಿ ಸೋತದ್ದೇ ನೆನಪಿರುತ್ತದೆ. ಚೆಂದದ ಎರಡು ಗುಲಾಮ ಹಿಡಿದು ಕೂತಿರುತ್ತೀರಿ, ಫ್ಲಾಪ್‌ನಲ್ಲಿ ರಾಣಿ ಬಂದು ಕೂರುತ್ತಾಳೆ. ಆ ಹೊಟ್ಟೆಯುರಿ ಮರೆಯಲ್ಲ. ಎಲ್ಲರೂ ಬಿಟ್ಟುಹೋಗಿ ಸುಮ್ನೆ ಬ್ಲೈಂಡ್ ಗೆದ್ದದ್ದು ಯಾರಿಗೆ ನೆನಪಿರುತ್ತೆ?

ಎಡಿಸನ್ ಕನ್ನಡಿಗ:
ನ್ಯೂಜೆರ್ಸಿಯಿಂದ. ಇಲ್ಲಿ 2013ರಿಂದ ಆನ್‌ಲೈನ್ ಪೋಕರ್ ಕಾನೂನುಬದ್ಧ, ನಾನು ಈಗಲೂ ಆಡುತ್ತೇನೆ. ನನ್ನ ಹತ್ತಿರ 4,10,000 ಕೈಗಳಿವೆ.

ರಾಣಿ ಜೋಡಿ ಮೇಡಂ ಹೇಳಿದ್ದು ಸರಿ. ಜೋಡಿ ಗುಲಾಮ ಇದ್ದಾಗ ಫ್ಲಾಪ್‌ನಲ್ಲಿ ಎಕ್ಕ, ರಾಜ, ರಾಣಿಯಲ್ಲಿ ಒಂದಾದರೂ ಬರುವ ಸಾಧ್ಯತೆ 57%. ಅರ್ಧಕ್ಕಿಂತ ಜಾಸ್ತಿ ಸಲ ಹೆದರಿಕೆ ಹುಟ್ಟಿಸುತ್ತದೆ. ಆದರೆ ಎದುರಿನವನಿಗೂ ಆ ಎಲೆ ತಾಗಿರಬೇಕಲ್ಲ, ಎಷ್ಟೋ ಸಲ ತಾಗಿರುವುದಿಲ್ಲ. ಎರಡು ಎಲೆಯ ಒಟ್ಟು 169 ಬಗೆಯ ಕೈಗಳಲ್ಲಿ ಜೋಡಿ ಗುಲಾಮ ಮೇಲಿನಿಂದ ನಾಲ್ಕನೆಯ ದೊಡ್ಡ ಜೋಡಿ. ಅದು ಸೋಲುವ ಕೈ ಆಗೋದು ಹೇಗೆ? ಇಲ್ಲಿ ಎಕ್ಕ ಅವರ 283 ಕೈ ಸಾಲದಿದ್ದರೂ ಪರವಾಗಿಲ್ಲ, ಅಂಕಿ ಮತ್ತು ತರ್ಕ ಎರಡೂ ಒಂದೇ ಕಡೆ ನೋಡುತ್ತಿವೆ.

ಎಕ್ಕ ಅವರೇ, ಸಣ್ಣ ಜೋಡಿಗಳನ್ನು ಒಂದೇ ಬುಟ್ಟಿಗೆ ಹಾಕಬೇಡಿ. ನೀವೇ ಮೊದಲು ರೈಸ್ ಮಾಡಿದ್ದು (ಬೆಟ್ ಏರಿಸಿದ್ದು), ಬೇರೆಯವರ ರೈಸ್‌ಗೆ ಕಾಲ್ ಮಾಡಿದ್ದು, ಎರಡನ್ನೂ ಬೇರೆ ಬೇರೆ ಮಾಡಿ. ಆಮೇಲೆ ಕೂತ ಜಾಗದ ಪ್ರಕಾರ ಒಡೆಯಿರಿ.

ಮಾಂಡೋವಿ ತೀರ:
ನಾನು ವರ್ಷಕ್ಕೆ ನಾಲ್ಕೈದು ಸಲ ಗೋವಾಕ್ಕೆ ಹೋಗಿ ಆಡುವವನು. ಲೈವ್ ಟೇಬಲ್‌ನಲ್ಲಿ ಗಂಟೆಗೆ 30 ಕೈ ಹಂಚಿದರೆ ಹೆಚ್ಚು. 64,000 ಕೈ ಆಗಬೇಕಾದರೆ 2,000 ಗಂಟೆಗಿಂತ ಜಾಸ್ತಿ ಕೂರಬೇಕು. ನಮ್ಮಂಥವರು ಅಂಕಿ ನಂಬಿ ಕೂತರೆ ಈ ಜನ್ಮದಲ್ಲಿ ಉತ್ತರ ಸಿಗಲ್ಲ. ಅದಕ್ಕೇ ಹಳಬರ ಮಾತು ಬೇಕು. ಸಾವಿರಾರು ಜನ ಸೋತು ಕಲಿತದ್ದು ಒಂದು ಸಾಲಿನಲ್ಲಿ ಸಿಗುತ್ತದೆ. ಎದುರಿಗೆ ಕೂತವನು ಚಿಪ್ ಹಿಡಿಯುವ ರೀತಿ ನೋಡಿದರೆ ಗೊತ್ತಾಗುವುದು ಯಾವ ಪೈಥಾನ್‌ಗೂ ಗೊತ್ತಾಗಲ್ಲ.

ಎಡಿಸನ್ ಕನ್ನಡಿಗ:
ಹಳಬರ ಮಾತಿನಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಯಾವುದು ಯಾವುದು ಅಂತ ಹೇಗೆ ಗೊತ್ತಾಗಬೇಕು? 2019ರಲ್ಲಿ ಕಾರ್ನೆಗಿ ಮೆಲನ್‌ನವರು ಮತ್ತು ಫೇಸ್‌ಬುಕ್‌ನವರು ಸೇರಿ ಪ್ಲೂರಿಬಸ್ ಅನ್ನೋ ಪ್ರೋಗ್ರಾಂ ಮಾಡಿದರು. ಆರು ಜನರ ಆಟದಲ್ಲೇ, ಐವರು ದೊಡ್ಡ ಆಟಗಾರರ ಜೊತೆ 12 ದಿನ, 10,000 ಕೈ ಆಡಿ ಗೆದ್ದಿತು. ಅದಕ್ಕೆ ಮನುಷ್ಯರ ಆಟ ತೋರಿಸಿರಲೇ ಇಲ್ಲ, ತನ್ನ ಜೊತೆ ತಾನೇ ಆಡಿ ಕಲಿತದ್ದು. ಲಿಂಪ್ ಮಾಡಬೇಡ, ಅಂದರೆ ಮೊದಲಿಗೆ ಸುಮ್ನೆ ಬ್ಲೈಂಡ್‌ನಷ್ಟೇ ಕೊಟ್ಟು ಒಳಗೆ ಬರಬೇಡ ಅಂತ ಹಳಬರು ಹೇಳೋದು ಸರಿ ಅಂತ ಅದೂ ಕಂಡುಕೊಂಡಿತು. ಸ್ಮಾಲ್ ಬ್ಲೈಂಡ್ ಒಂದು ಬಿಟ್ಟು. ಆದರೆ ಹಿಂದಿನ ಸುತ್ತಿನಲ್ಲಿ ಕಾಲ್ ಮಾಡಿದವನು ಮುಂದಿನ ಸುತ್ತಿನಲ್ಲಿ ತಾನೇ ಮೊದಲು ಬೆಟ್ ಹಾಕೋದು ದಡ್ಡತನ ಅಂತ ಎಲ್ಲರೂ ಹೇಳುತ್ತಿದ್ದರಲ್ಲ, ಅದನ್ನು ಆ ಪ್ರೋಗ್ರಾಂ ಮನುಷ್ಯರಿಗಿಂತ ತುಂಬಾ ಜಾಸ್ತಿ ಮಾಡಿತು.

ಮಾಂಡೋವಿ ತೀರ:
ಅದು ಆಡಿದ್ದು ಜಗತ್ತಿನ ದೊಡ್ಡ ಆಟಗಾರರ ಜೊತೆ. ನಾನು ಆಡೋದು ರಜೆಗೆ ಬಂದ ಮದುವೆ ಪಾರ್ಟಿ ಹುಡುಗರ ಜೊತೆ. ಅವರ ಹತ್ತಿರ ಸೆಟ್ ಬಿದ್ದರೆ ಪೂರ್ತಿ ದುಡ್ಡು ಸಿಗುತ್ತೆ ಸ್ವಾಮಿ.

ಸುಮ್ನೆ ಓದುಗ:
ಎಲ್ಲ ಸರಿ, ಇದೆಲ್ಲ ಈಗ ಕಾನೂನಿಗೆ ವಿರೋಧ ಅಲ್ವಾ?

ಹೊಸತೊಡಕು:
2021ರಲ್ಲಿ ನಮ್ಮ ರಾಜ್ಯ ಸರ್ಕಾರ ಕಾಯ್ದೆ ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಆಮೇಲೆ 2023ರ ಅಕ್ಟೋಬರ್‌ನಿಂದ ಹಾಕಿದ ದುಡ್ಡಿನ ಮೇಲೆ 28% ಜಿಎಸ್‌ಟಿ. 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ಹಣದ ಆನ್‌ಲೈನ್ ಆಟವೇ ಬಂದ್. ಮಂಡ್ಯ ಕಡೆ ನಮ್ಮೂರಲ್ಲಿ ಯುಗಾದಿ ಮಾರನೇ ದಿನ ಅರಳಿಕಟ್ಟೆಯಲ್ಲಿ ಇಸ್ಪೀಟು ಮಾತ್ರ ಯಾವ ಕಾಲಕ್ಕೂ ನಿಂತಿಲ್ಲ.

ಬಟನ್ ಬಸಣ್ಣ:
ಅಂದರ್ ಬಾಹರ್‌ನಲ್ಲಿ ಎಂಥಾ ಲೆಕ್ಕ ತೆಗೀತೀರಿ? ಅದು ಬರೀ ಅದೃಷ್ಟ. ಪೋಕರ್ ಹಂಗಲ್ಲ.

ರಾಣಿ ಜೋಡಿ:
ಅದೃಷ್ಟ ಇಲ್ಲೂ ಇದೆ ಬಸಣ್ಣ. ನಮ್ಮ ಚಿಕ್ಕಪ್ಪನ ಮಗ ಪೋಕರ್ ಬುದ್ಧಿಯ ಆಟ ಅಂತಲೇ ಸಾಲ ಮಾಡಿ ಆಡಿದ. ಬುದ್ಧಿಯ ಆಟ ಅನ್ನೋದಕ್ಕೂ ನನ್ನ ಹತ್ತಿರ ಆ ಬುದ್ಧಿ ಇದೆ ಅನ್ನೋದಕ್ಕೂ ವ್ಯತ್ಯಾಸ ಇದೆ. ಅದನ್ನು ತೋರಿಸೋದು ಈ ಲೆಕ್ಕವೊಂದೇ.

ನಿರ್ವಾಹಕ:
ಕಾನೂನಿನ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಎಕ್ಕ ಅವರ ಪ್ರಶ್ನೆಗೆ ಬನ್ನಿ.

ಕಳಾವರ್ ಎಕ್ಕ:
ಎಡಿಸನ್ ಸರ್ ಹೇಳಿದ ಹಾಗೆ ಒಡೆದು ನೋಡಿದೆ. ರಾತ್ರಿ ಎರಡು ಗಂಟೆ ಆಯ್ತು, ಆದರೆ ಬರೆದೇ ಮಲಗಬೇಕು ಅನ್ನಿಸಿತು.

1,431ರಲ್ಲಿ ನಾನೇ ಮೊದಲು ರೈಸ್ ಮಾಡಿದ್ದು 604 ಸಲ, ಪ್ಲಸ್ 145 ಬ್ಲೈಂಡ್. ಬೇರೆಯವರ ರೈಸ್‌ಗೆ ಕಾಲ್ ಮಾಡಿದ್ದು 512 ಸಲ, ಮೈನಸ್ 248. ಉಳಿದ 315 ಹೆಚ್ಚಾಗಿ ಬಿಟ್ಟುಹಾಕಿದ ಕೈಗಳು, ಅದರಲ್ಲಿ ಮೈನಸ್ 109.

ನಾನೇ ರೈಸ್ ಮಾಡಿದ 604ರಲ್ಲಿ 214 ಸಲ ಎಲ್ಲರೂ ಬಿಟ್ಟುಹೋಗಿದ್ದಾರೆ. ಅದರಿಂದಲೇ 310ರಷ್ಟು ಬ್ಲೈಂಡ್ ಬಂದಿದೆ. ಉಳಿದ 390 ಸಲದಲ್ಲಿ ಸೆಟ್‌ಗಳನ್ನೂ ಸೇರಿಸಿ ಮೈನಸ್ 165! ಅಂದರೆ ಸಣ್ಣ ಜೋಡಿ ನನಗೆ ದುಡ್ಡು ಕೊಟ್ಟದ್ದು ಸೆಟ್‌ನಿಂದ ಅಲ್ಲ, ಯಾರೂ ಎದುರು ನಿಲ್ಲದೆ ಇದ್ದದ್ದರಿಂದ. ಅವತ್ತು ನನ್ನ ಕೈಯಲ್ಲಿ 7-2ರಂಥ ತೀರಾ ಕೆಟ್ಟ ಎಲೆ ಇದ್ದಿದ್ದರೂ ಆ 310 ಬರುತ್ತಿತ್ತು. ಇದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕಾಲ್ ಮಾಡಿದ 512ರಲ್ಲಿ ಬ್ಲೈಂಡ್ ಅಲ್ಲದ ಜಾಗದಿಂದ 171, ಪ್ಲಸ್ 21. ಬ್ಲೈಂಡ್‌ಗಳಿಂದ 341, ಮೈನಸ್ 269. ಹಾಗಾದರೆ ಬ್ಲೈಂಡ್‌ನಲ್ಲಿ ಕಾಲ್ ಮಾಡಬೇಡ ಅನ್ನೋ ಮಾತು ನಿಜ ಅಂತಾಯ್ತು, ಅಲ್ವಾ?

ಎಡಿಸನ್ ಕನ್ನಡಿಗ:
ಇಲ್ಲ ಇಲ್ಲ, ಇಲ್ಲಿ ಬಹಳ ಜನ ಎಡವುತ್ತಾರೆ. ಬ್ಲೈಂಡ್‌ನಲ್ಲಿ ಸೊನ್ನೆಗೆ ಹೋಲಿಸಬಾರದು. ಬಿಗ್ ಬ್ಲೈಂಡ್‌ನಲ್ಲಿ ಕೂತು ಎಲೆ ನೋಡದೇ ಬಿಟ್ಟರೂ 1 ಬ್ಲೈಂಡ್ ಹೋಗೇ ಹೋಗುತ್ತೆ. ಸ್ಮಾಲ್ ಬ್ಲೈಂಡ್‌ನಲ್ಲಿ ಅರ್ಧ. ಕಾಲ್ ಮಾಡಿದಾಗ ಅದಕ್ಕಿಂತ ಕಮ್ಮಿ ಸೋತಿದ್ದರೆ ನೀವು ದುಡ್ಡು ಉಳಿಸಿದ್ದೀರಿ. ಎರಡನ್ನೂ ಬೇರೆ ಮಾಡಿ ಹೇಳಿ.

ಕಳಾವರ್ ಎಕ್ಕ:
ಬಿಗ್ ಬ್ಲೈಂಡ್: 233 ಸಲ, ಮೈನಸ್ 156. ಪ್ರತಿ ಕೈಗೆ ಮೈನಸ್ 0.67.
ಸ್ಮಾಲ್ ಬ್ಲೈಂಡ್: 108 ಸಲ, ಮೈನಸ್ 113. ಪ್ರತಿ ಕೈಗೆ ಮೈನಸ್ 1.05.

ಅಯ್ಯೋ! ಬಿಗ್ ಬ್ಲೈಂಡ್‌ನಲ್ಲಿ ಬಿಟ್ಟಿದ್ದರೆ 1 ಹೋಗುತ್ತಿತ್ತು, ಆಡಿ 0.67 ಕಳೆದಿದ್ದೇನೆ. ಅದು ಲಾಭ. ಸ್ಮಾಲ್ ಬ್ಲೈಂಡ್‌ನಲ್ಲಿ ಬಿಟ್ಟಿದ್ದರೆ ಅರ್ಧ, ಆಡಿ ಅದರ ಎರಡರಷ್ಟು ಕಳೆದಿದ್ದೇನೆ. ಮೂರು ವರ್ಷ ಎರಡೂ ಜಾಗವನ್ನು ಒಂದೇ ಅಂದುಕೊಂಡಿದ್ದೆ.

ಹೊಸತೊಡಕು:
ಸ್ಮಾಲ್ ಬ್ಲೈಂಡ್‌ನಲ್ಲಿ ಯಾಕೆ ಅಷ್ಟು ಹೋಗುತ್ತೆ? ಅರ್ಧ ದುಡ್ಡು ಆಗಲೇ ಹಾಕಿರ್ತೀವಲ್ಲ, ಅಗ್ಗ ಅಲ್ವಾ?

ಕಳಾವರ್ ಎಕ್ಕ:
ಒಂದು ಕೈ ತೆಗೆದು ತೋರಿಸುತ್ತೇನೆ. ಬಟನ್‌ನಲ್ಲಿದ್ದವನು (ಫ್ಲಾಪ್ ಆದ ಮೇಲೆ ಕೊನೆಗೆ ಆಡುವ ಜಾಗ ಅದು) 3 ಬ್ಲೈಂಡ್‌ಗೆ ರೈಸ್. ನಾನು ಸ್ಮಾಲ್ ಬ್ಲೈಂಡ್, ಇಸ್ಪೇಟು 4, ಆಟೀನು 4. ಇನ್ನೂ ಎರಡೂವರೆ ಹಾಕಿ ಕಾಲ್. ಬಿಗ್ ಬ್ಲೈಂಡ್‌ನವನೂ ಬಂದ. ಪಾಟ್, ಅಂದರೆ ನಡುವೆ ಸೇರಿದ ದುಡ್ಡು, 9. ಫ್ಲಾಪ್ ರಾಜ, 9, 4. ಸೆಟ್ ಬಿತ್ತು, ಎದೆ ಡವಡವ. ಚೆಕ್ ಮಾಡಿದೆ, ಅಂದರೆ ಏನೂ ಹಾಕಲಿಲ್ಲ. ಬಿಗ್ ಬ್ಲೈಂಡ್ ಚೆಕ್. ಬಟನ್‌ನವನು 4 ಹಾಕಿದ. ನಾನು 14ಕ್ಕೆ ಏರಿಸಿದೆ. ಇಬ್ಬರೂ ಎಲೆ ಬಿಸಾಕಿದರು. ನಾನು ಹಾಕಿದ್ದು ಕಳೆದು ನನಗೆ ಸಿಕ್ಕಿದ್ದು 10 ಬ್ಲೈಂಡ್, 100 ರೂಪಾಯಿ, ಅದರಲ್ಲೂ ರೇಕ್ ಹೋಯಿತು.

ಎರಡೂವರೆ ಬ್ಲೈಂಡ್ ಹಾಕಿ ಏಳೂವರೆ ಸಲ ಸೋತು ಒಂದು ಸಲ ಸೆಟ್ ಬೀಳೋದಾದರೆ, ಆ ಒಂದು ಸಲ ಸುಮಾರು 19 ಬ್ಲೈಂಡ್ ಬಂದರೆ ಮಾತ್ರ ಸಮ. ಸ್ಮಾಲ್ ಬ್ಲೈಂಡ್‌ನಿಂದ ನನಗೆ ಬಿದ್ದ 11 ಸೆಟ್‌ಗಳ ಸರಾಸರಿ 14. ರೈಸ್‌ನ ಹತ್ತು ಪಟ್ಟು ಸ್ಟ್ಯಾಕ್ ಎದುರಿಗೆ ಇದ್ದರೆ ಸಾಕು ಅಂತ ನನಗೆ ಕಲಿಸಿದ್ದರು. ಇಲ್ಲಿ ಮೂವತ್ತು ಪಟ್ಟು ಇತ್ತು. ಇದ್ದರೇನು, ಅವನಿಗೂ ಏನಾದರೂ ಬಿದ್ದಿದ್ದರೆ ತಾನೇ ಕೊಡೋದು? ಬಟನ್‌ನಲ್ಲಿ ಕೂತವನು ಎಂಥೆಂಥದೋ ಕೈ ಹಿಡಿದು ರೈಸ್ ಮಾಡಿರುತ್ತಾನೆ. ಅವನ ಮುಂದೆ ಸ್ಟ್ಯಾಕ್ ಇರೋದೂ ಅದು ನನಗೆ ಬರೋದೂ ಬೇರೆ ಬೇರೆ.

ಎಡಿಸನ್ ಕನ್ನಡಿಗ:
ಜೊತೆಗೆ ಕೂತ ಜಾಗದ ಕಷ್ಟ. ಸ್ಮಾಲ್ ಬ್ಲೈಂಡ್ ಫ್ಲಾಪ್, ಟರ್ನ್ (ನಾಲ್ಕನೇ ಎಲೆ), ರಿವರ್ (ಐದನೇ ಎಲೆ) ಮೂರರಲ್ಲೂ ಮೊದಲು ಮಾತಾಡಬೇಕು. ಕಾಲ್ ಮಾಡಿದಾಗ ಹಿಂದೆ ಇನ್ನೂ ಒಬ್ಬ ಕೂತಿರುತ್ತಾನೆ, ಅವನು ಮತ್ತೆ ಏರಿಸಿದರೆ ಹಾಕಿದ್ದೂ ಹೋಯಿತು. ಬಿಗ್ ಬ್ಲೈಂಡ್‌ಗೆ ಆ ಭಯ ಇಲ್ಲ.

ಲೆಕ್ಕದ ಮೇಷ್ಟ್ರು:
ವಿವರಣೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಎರಡು ತಕರಾರು.

ಒಂದು, 108 ಕೈ ಬಹಳ ಕಮ್ಮಿ. ಅದರಲ್ಲಿ ಒಂದೇ ಒಂದು ಸಲ 100 ಬ್ಲೈಂಡ್ ಗೆದ್ದಿದ್ದರೆ ನಿಮ್ಮ ಮೈನಸ್ 113 ಹತ್ತಿರ ಹತ್ತಿರ ಸೊನ್ನೆ ಆಗಿರುತ್ತಿತ್ತು, ಆಗ ನೀವು ಇಲ್ಲಿ ಬಂದು ಸ್ಮಾಲ್ ಬ್ಲೈಂಡ್‌ನಲ್ಲಿ ಕಾಲ್ ಮಾಡಿ ಅಂತ ಬರೆಯುತ್ತಿದ್ದಿರಿ.

ಇನ್ನೊಂದು ಇದಕ್ಕಿಂತ ದೊಡ್ಡದು. 169 ಬಗೆಯ ಕೈ, ಆರು ಜಾಗ. ಸಾವಿರಕ್ಕೂ ಹೆಚ್ಚು ಡಬ್ಬಿಗಳಾದವು. ಒಂದೊಂದೇ ಮುಚ್ಚಳ ತೆಗೆದು ನೋಡುತ್ತಾ ಹೋದರೆ ಬರೀ ಅದೃಷ್ಟದಿಂದಲೇ ಹತ್ತಾರು ಡಬ್ಬಿಗಳು ಕೆಟ್ಟದಾಗಿ ಕಾಣುತ್ತವೆ. ನೀವು ಕೆಟ್ಟದಾಗಿ ಕಂಡ ಡಬ್ಬಿ ಹಿಡಿದುಕೊಂಡು ಆಮೇಲೆ ಕಾರಣ ಹುಡುಕಿದಿರಿ. ಕಾರಣ ಯಾವಾಗಲೂ ಸಿಗುತ್ತದೆ.

ಮಾಂಡೋವಿ ತೀರ:
ನಾನು ಹೇಳಿದ್ದೂ ಅದೇ ಅಲ್ವಾ ಮೇಷ್ಟ್ರೇ. ಅಂಕಿ ಸಾಲದು ಅಂದ ಮೇಲೆ ಹಳಬರ ಮಾತೇ ಗತಿ.

ಲೆಕ್ಕದ ಮೇಷ್ಟ್ರು:
ಹಾಗಲ್ಲ. ಹಳಬರ ಮಾತಿಗೂ ಇದೇ ಪರೀಕ್ಷೆ ಇಡಬೇಕು. ಜೋಡಿ ಗುಲಾಮ ಕೆಟ್ಟದ್ದು ಅಂದವರು ಎಷ್ಟು ಕೈ ಎಣಿಸಿ ಹೇಳಿದರು? ಎಕ್ಕ ಅವರು 108 ಆದರೂ ಎಣಿಸಿದ್ದಾರೆ.

ಎಡಿಸನ್ ಕನ್ನಡಿಗ:
ಮೇಷ್ಟ್ರ ಎರಡನೇ ತಕರಾರಿಗೆ ಒಂದು ದಾರಿ ಇದೆ. ಈಗ ಪ್ರಶ್ನೆ ಗಟ್ಟಿಯಾಯ್ತು: ಸ್ಮಾಲ್ ಬ್ಲೈಂಡ್, 2ರಿಂದ 6ರ ಜೋಡಿ, ಒಬ್ಬರ ರೈಸ್‌ಗೆ ಕಾಲ್. ಈ ಪ್ರಶ್ನೆ ಹುಟ್ಟಿದ್ದು ಎಕ್ಕ ಅವರ ಫೈಲಿನಲ್ಲಿ. ಉತ್ತರ ಬೇರೆ ಫೈಲಿನಲ್ಲಿ ನೋಡಬೇಕು. ನನ್ನದರಲ್ಲಿ ನಾನು ಇದನ್ನು ಯಾವತ್ತೂ ನೋಡಿರಲಿಲ್ಲ, ಈಗ ಹಾಕಿದೆ. 640 ಸಲ, ಪ್ರತಿ ಕೈಗೆ ಮೈನಸ್ 0.94.

ಹೊಸತೊಡಕು:
ಅಬ್ಬಾ! ಬೇರೆ ದೇಶ, ಬೇರೆ ಜನ, ಹೆಚ್ಚುಕಮ್ಮಿ ಅದೇ ಅಂಕಿ.

ಬಟನ್ ಬಸಣ್ಣ:
ನಾನು ಸ್ಮಾಲ್ ಬ್ಲೈಂಡ್‌ನಲ್ಲಿ ಜೋಡಿ ಬಂದರೆ ಯಾವತ್ತೂ ಬಿಟ್ಟವನಲ್ಲ ರೀ. ಇದನ್ನು ಓದಿ ತಲಿ ಕೆಟ್ಟೈತಿ. ಸೈಟಿನ ಮೇಲೆ ಸುಮ್ನೆ ಸಿಟ್ಟು ಮಾಡಿಕೊಂಡಿದ್ದೆ ಅನ್ಸುತ್ತೆ.

ಲೆಕ್ಕದ ಮೇಷ್ಟ್ರು:
ಈಗ ಕಿವಿ ನೆಟ್ಟಗಾಯಿತು. ಎರಡೂ ಸೇರಿ 748 ಕೈ, ಸರಾಸರಿ ಮೈನಸ್ 0.96. ಅರ್ಧ ಬ್ಲೈಂಡ್ ಅನ್ನೋ ಗೆರೆಗಿಂತ ಕೆಳಗೇ ಇದೆ. ಒಂದು ಕೈಯ ಏರಿಳಿತ ಹತ್ತು ಬ್ಲೈಂಡ್ ಅಂತ ಹಿಡಿದರೂ ಇದಿನ್ನೂ ಖಚಿತ ಅನ್ನೋ ಮಟ್ಟಕ್ಕೆ ಬಂದಿಲ್ಲ. ಎರಡು ಸಾವಿರ ಕೈ ಸಿಕ್ಕಿದರೆ ಧೈರ್ಯವಾಗಿ ಏನಾದರೂ ಹೇಳಬಹುದು. ಎಕ್ಕ ಅವರೇ, ನಿಮ್ಮ 108ನ್ನು ವರ್ಷದ ಪ್ರಕಾರ ಎರಡು ಭಾಗ ಮಾಡಿದರೆ?

ಕಳಾವರ್ ಎಕ್ಕ:
2020-21ರಲ್ಲಿ 56 ಸಲ, ಮೈನಸ್ 61. 2022-23ರಲ್ಲಿ 52 ಸಲ, ಮೈನಸ್ 52. ಮೂರು ವರ್ಷ ಒಂದೇ ತಪ್ಪು, ಒಂದೇ ವೇಗದಲ್ಲಿ.

ರಾಣಿ ಜೋಡಿ:
ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಫೈಲು ಇರಬೇಕು, 40,000 ಕೈ ಇದ್ದೀತು. ನಾನು ಸೋತವಳು, ನಡೆಯುತ್ತಾ?

ಲೆಕ್ಕದ ಮೇಷ್ಟ್ರು:
ಸೋತವರದ್ದು ಖಂಡಿತ ಬೇಕು ಮೇಡಂ. ಗೆದ್ದವರು ಮಾತ್ರ ಕಳಿಸಿದರೆ ಲೆಕ್ಕ ಮೊದಲೇ ವಾಲಿಬಿಡುತ್ತದೆ.

ಕಳಾವರ್ ಎಕ್ಕ:
ಹಾಗಾದರೆ ನಾನು ಫೈಲು ಅಳಿಸುತ್ತಿಲ್ಲ. ಪ್ರೋಗ್ರಾಂ ಇವತ್ತು ಸಂಜೆ ಇಲ್ಲೇ ಹಾಕುತ್ತೇನೆ. ನಿಮ್ಮ ಹೆಸರು, ಎದುರಿನವರ ಹೆಸರು ಎಲ್ಲ ಅದೇ ತೆಗೆದುಹಾಕುತ್ತದೆ. ರೂಪಾಯಿ, ಡಾಲರ್ ಬೇಡ, ಬ್ಲೈಂಡ್ ಲೆಕ್ಕದಲ್ಲೇ ಕಳಿಸಿ. ಸ್ಮಾಲ್ ಬ್ಲೈಂಡ್, 2ರಿಂದ 6ರ ಜೋಡಿ, ಒಬ್ಬರ ರೈಸ್‌ಗೆ ಕಾಲ್. ನಡುವೆ ಇನ್ನೊಬ್ಬ ಕಾಲ್ ಮಾಡಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಹಾಕಿ. ಮೊದಲು ಅಂಕಿ ನೋಡಿ ಆಮೇಲೆ ಕಳಿಸೋದೋ ಬೇಡವೋ ಅಂತ ಯೋಚಿಸಬೇಡಿ, ಕಳಿಸುತ್ತೇನೆ ಅಂತ ಇಲ್ಲಿ ಬರೆದು ಆಮೇಲೆ ಫೈಲು ತೆರೆಯಿರಿ.

ಬಟನ್ ಬಸಣ್ಣ:
ಕಳಿಸ್ತೀನಿ. 22,000 ಕೈ ಅದಾವು. ಇನ್ನೂ ತೆರೆದಿಲ್ಲ.